ಹಳೆಯ ಕಲಾಗಾಜು ಕೊಳ್ಳುವವರಿಗೆ ಕಾನ್ವಾಯ್ ಎಸ್2 ಪ್ಲಸ್ 365 ಟಾರ್ಚ್

ಯುರೇನಿಯಂ ಬೆರೆಸಿದ ಹಳೆಯ ಗಾಜು ಕಣ್ಣಿಗೆ ಕಾಣದ ಅತಿನೇರಳೆ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಅದನ್ನು ಹುಡುಕುವವರ ಜೇಬಿನಲ್ಲಿ ಸಾಮಾನ್ಯವಾಗಿ ಇರುವುದು 395 ನ್ಯಾನೋಮೀಟರ್ ತರಂಗಾಂತರದ ಅಗ್ಗದ ನೇರಳೆ ಟಾರ್ಚ್. ಅದರ ಬೆಳಕಲ್ಲಿ ಕಣ್ಣಿಗೆ ಕಾಣುವ ನೇರಳೆಯೇ ಜಾಸ್ತಿ. ಮಂದವಾದ ಹೊಳಪು ಅದರಡಿ ಮುಚ್ಚಿಹೋಗುತ್ತದೆ. ಕಾನ್ವಾಯ್ ಎಸ್2 ಪ್ಲಸ್ ಟಾರ್ಚಿನಲ್ಲಿ ನಿಚಿಯಾ ಕಂಪನಿಯ 365 ನ್ಯಾನೋಮೀಟರ್ ಎಲ್‌ಇಡಿ ಇದೆ. ಆದರೆ ಅದರ ಜೀವ ಇರುವುದು ಮುಂದಿನ ಕಪ್ಪು ಝಡ್‌ಡಬ್ಲ್ಯುಬಿ2 ಫಿಲ್ಟರ್‌ನಲ್ಲಿ. ಕಾಣುವ ಬೆಳಕನ್ನು ತಡೆಯುವುದು ಅದೇ. ಫಿಲ್ಟರ್ ಇಲ್ಲದ್ದನ್ನು ಕೊಳ್ಳಲೇಬೇಡಿ. ಕೈಗೆ ಬಂದ ಕೂಡಲೇ ಕತ್ತಲಲ್ಲಿ ಒಂದು ನೋಟಿನ ಮೇಲೆ ಹಿಡಿಯಿರಿ: ಕ್ರಮಸಂಖ್ಯೆಯೂ ಕಾಗದದೊಳಗಿನ ಎಳೆಗಳೂ ಎದ್ದು ಕಾಣಬೇಕು, ಉಳಿದ ಕಾಗದ ಹೆಚ್ಚೂಕಮ್ಮಿ ಕಪ್ಪಾಗಿರಬೇಕು.

ಪರೀಕ್ಷಿಸುವ ಮೊದಲು ಗಾಜನ್ನು ತೊಳೆದು ಕಪ್ಪು ಬಟ್ಟೆಯ ಮೇಲಿಡಿ. ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಬಟ್ಟೆ, ನೂಲಿನ ಧೂಳು, ಬೆಲೆಚೀಟಿಯ ಅಂಟು ಎಲ್ಲವೂ ನೀಲಿಯಾಗಿ ಹೊಳೆದು ದಾರಿ ತಪ್ಪಿಸುತ್ತವೆ.

ಯುರೇನಿಯಂ ಇದ್ದರೆ ಒಂದು ಮಾರು ದೂರದಿಂದಲೇ ಇಡೀ ಪಾತ್ರೆ ಎಳೆ ಹಸಿರಾಗಿ ಉರಿಯುತ್ತದೆ. ಜನ ಹೆಚ್ಚು ಮೋಸ ಹೋಗುವುದು ಮ್ಯಾಂಗನೀಸ್ ಬೆರೆತ ಗಾಜಿನಲ್ಲಿ. ಅದೂ ಹಸಿರೇ, ಆದರೆ ಮಂಕು. ಟಾರ್ಚನ್ನು ಹತ್ತಿರ ತಂದಾಗ ಮಾತ್ರ ಕಾಣುತ್ತದೆ. ಇಲ್ಲಿ ಆ ಅಗ್ಗದ 395 ಟಾರ್ಚೇ ಉಪಯೋಗಕ್ಕೆ ಬರುತ್ತದೆ: ಅದಕ್ಕೆ ಯುರೇನಿಯಂ ಜೋರಾಗಿ ಹೊಳೆಯುತ್ತದೆ, ಮ್ಯಾಂಗನೀಸ್ ಬಹುತೇಕ ಸುಮ್ಮನಿರುತ್ತದೆ. ಹಾಗಾಗಿ ಎರಡೂ ಇಟ್ಟುಕೊಳ್ಳಿ. ಹಳದಿ, ಕಿತ್ತಳೆ ಹೊಳಪು ಕಂಡರೆ ಕ್ಯಾಡ್ಮಿಯಂ ಅಥವಾ ಸೆಲೆನಿಯಂ ಎಂದುಕೊಳ್ಳಬಹುದು.

ಈ ಟಾರ್ಚ್ ಗಾಜಿನಲ್ಲೇನಿದೆ ಎಂದು ಹೇಳುತ್ತದೆ, ವಯಸ್ಸು ಹೇಳುವುದಿಲ್ಲ. ಬರ್ಮೀಸ್ ಗಾಜನ್ನೇ ನೋಡಿ. ಅಂಚಿನಲ್ಲಿ ನಸುಗುಲಾಬಿ, ಕೆಳಗಿಳಿದಂತೆ ಬೆಣ್ಣೆಯ ಹಳದಿ. ಹಳದಿ ಕೊಡುವುದು ಯುರೇನಿಯಂ. ಗುಲಾಬಿ ಬರುವುದು ಅಂಚನ್ನು ಮತ್ತೆ ಕಾಯಿಸಿದಾಗ ಒಳಗಿನ ಚಿನ್ನದಿಂದ. ಅಮೆರಿಕದ ಮೌಂಟ್ ವಾಷಿಂಗ್ಟನ್ ಕಂಪನಿ ಇದಕ್ಕೆ ಪೇಟೆಂಟ್ ಪಡೆದದ್ದು 1885ರಲ್ಲಿ. ಫೆಂಟನ್ ಕಂಪನಿ 1970ರ ನಂತರ ತಾನೂ ಬರ್ಮೀಸ್ ಮಾಡಿತು. ಟಾರ್ಚಿನಡಿ ಎರಡೂ ಹಸಿರೇ. ವ್ಯತ್ಯಾಸ ತಿಳಿಯಲು ಪಾತ್ರೆಯನ್ನು ಮಗುಚಬೇಕು: ಫೆಂಟನ್‌ನ ಅನೇಕ ವಸ್ತುಗಳ ಅಡಿಯಲ್ಲಿ ಅಂಡಾಕಾರದೊಳಗೆ ಹೆಸರು ಒತ್ತಿರುತ್ತದೆ. ಸವೆತವನ್ನೂ ಗಮನಿಸಿ. ನಿಜವಾಗಿ ಸವೆದ ಅಡಿಯಲ್ಲಿ ಗೀರುಗಳು ಎತ್ತೆತ್ತಲೋ ಹೋಗಿರುತ್ತವೆ, ಮರಳುಕಾಗದದಿಂದ ಉಜ್ಜಿದ್ದರೆ ಒಂದೇ ದಿಕ್ಕಿಗೆ.

ದುಡ್ಡು ಉಳಿಸುವುದು ರಿಪೇರಿ ಪತ್ತೆಯಲ್ಲಿ. ಹಗಲಿನಲ್ಲಿ ಕುಂದಿಲ್ಲದಂತೆ ಕಾಣುವ ಹೂಜಿಯ ಹಿಡಿಕೆ ಅಂಟಿಸಿದ್ದಾದರೆ, ಬೆಸುಗೆಯ ಜಾಗದಲ್ಲಿ ಸುಣ್ಣದ ನೀರಿನಲ್ಲಿ ಎಳೆದಂಥ ನೀಲಿಬಿಳಿ ಗೆರೆ ಮೂಡುತ್ತದೆ. ಚಕ್ಕೆ ಎದ್ದ ಜಾಗಕ್ಕೆ ಎಪಾಕ್ಸಿ ಎಂಬ ಪ್ಲಾಸ್ಟಿಕ್ ಅಂಟು ತುಂಬಿದ್ದರೂ ಹಾಗೆಯೇ. ಕೆಲವು ಅಂಟುಗಳು ಹೊಳೆಯುವುದೇ ಇಲ್ಲ, ಆದ್ದರಿಂದ ಅಂಚಿನುದ್ದಕ್ಕೂ ಉಗುರು ಎಳೆದು ನೋಡುವುದನ್ನು ಬಿಡಬೇಡಿ. ಪ್ಲಾಸ್ಟಿಕ್ ತುಂಬಿದ ಕಡೆ ಸ್ವಲ್ಪ ಬೆಚ್ಚಗೆ, ಮೆತ್ತಗೆ ಅನ್ನಿಸುತ್ತದೆ.

ಬೆಳಕಿನ ನಡುಭಾಗ ಕಿರಿದು, ದೊಡ್ಡ ಹೂದಾನಿಯಾದರೆ ನಿಧಾನವಾಗಿ ಸುತ್ತಿಸಬೇಕು. ಇದಕ್ಕೆ ಬೇಕಾದ 18650 ಅಳತೆಯ ಲಿಥಿಯಂ ಸೆಲ್ ಮತ್ತು ಚಾರ್ಜರ್ ಸಾಮಾನ್ಯವಾಗಿ ಬೇರೆಯೇ ಕೊಳ್ಳಬೇಕಾಗುತ್ತದೆ. ವಿಮಾನದಲ್ಲಿ ಬಿಡಿ ಸೆಲ್ ಕೈಚೀಲದಲ್ಲೇ ಇರಬೇಕು. ಈ ಕಿರಣ ಕಣ್ಣಿಗೆ ಕಾಣದಿದ್ದರೂ ಬಲವಾದದ್ದು. ನುಣುಪು ಗಾಜಿನಿಂದ ಪ್ರತಿಫಲಿಸಿ ಮುಖಕ್ಕೆ ಬರುತ್ತದೆ, ಪಾಲಿಕಾರ್ಬೊನೇಟ್ ಕನ್ನಡಕ ಹಾಕಿಕೊಂಡೇ ಬಳಸಿ.