ವಾರಕ್ಕೊಂದಾ, ಒಂದೇ ಗುಕ್ಕಿಗಾ?

ಸೂಪರ್‌ಹೀರೋ ಸರಣಿ ನೋಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳುವುದು ನನ್ನ ಹಳೇ ಚಟ. ಎಪಿಸೋಡ್ ಮುಗಿದ ಕೂಡಲೇ ತಲೆಗೆ ಬಂದದ್ದನ್ನು ಗೀಚುತ್ತೇನೆ. ಬೈಗುಳವೂ ಇರುತ್ತದೆ. ಕೆಲವು ತಿಂಗಳ ಹಿಂದೆ ಅದನ್ನು ತಿರುವಿಹಾಕುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ‘ವಾಂಡಾವಿಷನ್’ಗೆ ಹದಿನೇಳು ಪುಟ. ‘ಡೇರ್‌ಡೆವಿಲ್’ ಮೊದಲ ಸೀಸನ್‌ಗೆ ಒಂದೂವರೆ ಪುಟ. ಆದರೆ ನನಗೆ ಜಾಸ್ತಿ ಇಷ್ಟವಾದದ್ದು ಡೇರ್‌ಡೆವಿಲ್ಲೇ!

ವ್ಯತ್ಯಾಸ ಇದ್ದದ್ದು ನೋಡಿದ ರೀತಿಯಲ್ಲಿ. ಡೇರ್‌ಡೆವಿಲ್‌ನ 13 ಎಪಿಸೋಡ್‌ಗಳನ್ನು ನೆಟ್‌ಫ್ಲಿಕ್ಸ್ 2015ರ ಏಪ್ರಿಲ್ 10ರಂದು ಒಟ್ಟಿಗೇ ಬಿಟ್ಟಿತ್ತು. ನಾನು ಎರಡು ದಿನದಲ್ಲಿ ಮುಗಿಸಿದ್ದೆ. ವಾಂಡಾವಿಷನ್‌ನದು ಒಟ್ಟು 9. 2021ರ ಜನವರಿ 15ರಂದು ಮೊದಲ ಎರಡು ಬಂದವು, ಆಮೇಲೆ ಶುಕ್ರವಾರಕ್ಕೊಂದರಂತೆ ಮಾರ್ಚ್ 5ರವರೆಗೆ. ಸರಿ, ಅದಲುಬದಲು ಮಾಡಿ ನೋಡೋಣ ಅನ್ನಿಸಿತು. ಈ ಸಲ ವಾಂಡಾವಿಷನ್ ಒಂದೇ ದಿನಕ್ಕೆ, ಡೇರ್‌ಡೆವಿಲ್ ವಾರಕ್ಕೊಂದು. ಮುಂದೆ ಕಥೆಯ ಗುಟ್ಟೆಲ್ಲ ಒಡೆಯುತ್ತೇನೆ, ನೋಡದವರು ಇಲ್ಲಿಗೇ ನಿಲ್ಲಿಸಿಬಿಡಿ.

ವಾಂಡಾವಿಷನ್ ಅಂದರೆ, ಮಾಂತ್ರಿಕ ಶಕ್ತಿಯ ವಾಂಡಾ ಸತ್ತ ಪ್ರಿಯಕರ ವಿಷನ್‌ನ ದುಃಖದಲ್ಲಿ ಒಂದು ಊರನ್ನೇ ಹಳೇ ಟಿವಿ ಕಾಮಿಡಿಯಂತೆ ಮಾರ್ಪಡಿಸಿ, ಗಂಡ-ಮಕ್ಕಳ ಸಂಸಾರ ಕಟ್ಟಿಕೊಳ್ಳುವ ಕಥೆ. ಅದರ ಮೊದಲ ಸಲದ ಪುಟಗಳನ್ನು ಈಗ ಓದಿದರೆ ನಗು ಬರುತ್ತದೆ. ಎಪಿಸೋಡ್‌ಗೆ ಸಂಬಂಧಿಸಿದ್ದು ಅರ್ಧ, ಬಾಕಿಯೆಲ್ಲ ಊಹೆ. ಐದನೆಯದರ ಕೊನೆಯಲ್ಲಿ ಬಾಗಿಲು ತೆರೆದರೆ ವಾಂಡಾಳ ಸತ್ತ ಸೋದರ ಪಿಯೆಟ್ರೋ ನಿಂತಿದ್ದಾನೆ. ಆದರೆ ಮುಖ ಬೇರೆ ಕಂಪನಿಯ ಎಕ್ಸ್‌ಮೆನ್ ಸಿನಿಮಾಗಳಲ್ಲಿ ಇದೇ ಪಾತ್ರ ಮಾಡಿದ್ದ ಇವಾನ್ ಪೀಟರ್ಸ್‌ನದು! ಆ ವಾರವಿಡೀ ನಾನು ಬರೆದದ್ದು ಮಲ್ಟಿವರ್ಸ್, ಮಲ್ಟಿವರ್ಸ್, ಮಲ್ಟಿವರ್ಸ್. ಅಂದರೆ ನಮ್ಮದರಂಥವೇ ಹಲವು ಲೋಕಗಳು. ಇದರ ಹಿಂದೆ ಕಾಮಿಕ್ಸ್‌ನ ಸೈತಾನನಂಥ ಖಳ ಮೆಫಿಸ್ಟೋ ಇದ್ದಾನೆ ಎಂದು ಅಭಿಮಾನಿಗಳಲ್ಲಿ ಬಹಳ ಜನ ನಂಬಿದ್ದರು. ನಾನಂತೂ ಅವನ ಹೆಸರಿಗೆ ಎರಡು ಪುಟ ಮೀಸಲಿಟ್ಟಿದ್ದೆ. ಕೊನೆಗೆ ಮೆಫಿಸ್ಟೋ ಬರಲೇ ಇಲ್ಲ. ಪಿಯೆಟ್ರೋ ಅಂದುಕೊಂಡವನು ಆ ಊರಿನ ರಾಲ್ಫ್ ಬೋನರ್ ಎಂಬ ಸಾದಾ ಮನುಷ್ಯ. ಒಂಬತ್ತನೆಯದರ ಕೆಳಗೆ ನಾನು ಬರೆದದ್ದು: ‘ಮೋಸ’.

ಒಂದೇ ದಿನದಲ್ಲಿ ನೋಡಿದಾಗ ಆ ‘ಮೋಸ’ ಎಲ್ಲೂ ಸಿಗಲಿಲ್ಲ. ಪಿಯೆಟ್ರೋ ಬಂದ, ಒಂದೆರಡು ಗಂಟೆಯಲ್ಲಿ ಅವನ ಗುಟ್ಟು ಬಯಲಾಯಿತು, ಅಷ್ಟೇ. ಕಣ್ಣು ವಾಂಡಾಳ ಮೇಲೇ ಇತ್ತು. ಎಂಟನೆಯದರಲ್ಲಿ ಅವಳ ಸಂಕಟದ ಬೇರೆಲ್ಲ ಕಾಣುತ್ತದೆ, ಒಂಬತ್ತನೆಯದರಲ್ಲಿ ತಾನೇ ಕಟ್ಟಿಕೊಂಡ ಮನೆಯನ್ನು ತಾನೇ ಬಿಟ್ಟುಕೊಡುತ್ತಾಳೆ. ನಡುವೆ ಏಳು ದಿನ ಇಲ್ಲದಿದ್ದರೆ ಇವೆರಡೂ ಒಂದೇ ಉಸಿರು. ಮಕ್ಕಳನ್ನು ಮಲಗಿಸುವ ದೃಶ್ಯಕ್ಕೆ ಗಂಟಲು ಕಟ್ಟಿತು. 2021ರಲ್ಲಿ ಅದೇ ದೃಶ್ಯದ ಹೊತ್ತಿಗೆ ನಾನು ಮೆಫಿಸ್ಟೋನ ದಾರಿ ಕಾಯುತ್ತಾ ಕೂತಿದ್ದೆ, ನೋಡಿ.

ಹಾಗಂತ ಒಂದೇ ಗುಕ್ಕಿಗೆ ನುಂಗಿದ್ದರಲ್ಲಿ ನಷ್ಟ ಇಲ್ಲವೆಂದಲ್ಲ. ನಡುನಡುವೆ ಬರುವ ಸುಳ್ಳು ಜಾಹೀರಾತುಗಳು ನೆನಪಿದೆಯಾ? ಮೊದಲನೆಯದರಲ್ಲಿ ಐರನ್ ಮ್ಯಾನ್‌ನ ಸ್ಟಾರ್ಕ್ ಕಂಪನಿಯ ಟೋಸ್ಟರ್. ಕಪ್ಪುಬಿಳುಪು ಪರದೆಯಲ್ಲಿ ಅದರ ದೀಪ ಮಾತ್ರ ಕೆಂಪಗೆ ಮಿನುಗುತ್ತದೆ, ಬೀಪ್ ಬೀಪ್ ಎನ್ನುತ್ತದೆ. ಚಿಕ್ಕಂದಿನಲ್ಲಿ ವಾಂಡಾಳ ಮನೆಗೆ ಬಿದ್ದು ಸಿಡಿಯದೇ ಉಳಿದದ್ದು ಸ್ಟಾರ್ಕ್ ಬಾಂಬು. ವಾರವಾರ ನೋಡುವಾಗ ಈ ಟೋಸ್ಟರನ್ನು ಅಗೆದು ಅಗೆದು ಅರ್ಥ ಹುಡುಕಿದ್ದೆ. ಈ ಸಲ ಅದು ಪರದೆಯ ಮೇಲೆ ಬಂದು ಹೋದದ್ದೇ ಗೊತ್ತಾಗಲಿಲ್ಲ.

ಇನ್ನು ಡೇರ್‌ಡೆವಿಲ್. ಇದರಲ್ಲಿ ನಾನು ಸೋತೆ. ಸಂತೋಷದಿಂದಲೇ ಸೋತೆ.

ಎರಡನೇ ಎಪಿಸೋಡ್‌ನ ಕಾರಿಡಾರ್ ಫೈಟ್ ಬಗ್ಗೆ ಮೊದಲ ಸಲ ನಾನು ಬರೆದದ್ದು ಎರಡೇ ಪದ: ‘ಕಾರಿಡಾರ್! ಅಬ್ಬಾ!’ ಅಷ್ಟರಲ್ಲಿ ಮೂರನೆಯದು ಶುರುವಾಗಿತ್ತು. ಈ ಸಲ ಏಳು ದಿನ ಕೈಯಲ್ಲಿದ್ದವು. ಅದೊಂದು ದೃಶ್ಯವನ್ನೇ ನಾಲ್ಕು ಸಲ ನೋಡಿದೆ. ಕ್ಯಾಮೆರಾ ಕಾರಿಡಾರ್ ಬಿಟ್ಟು ಕದಲುವುದೇ ಇಲ್ಲ. ಹೊಡೆದಾಟ ಕೋಣೆಯೊಳಗೆ ಹೋದರೆ ನಮಗೆ ಸದ್ದು ಮಾತ್ರ. ಡೇರ್‌ಡೆವಿಲ್ ಆಗಿರುವ ಮ್ಯಾಟ್ ಮೊದಲೇ ಗಾಯಾಳು. ಏದುಸಿರು ಬಿಡುತ್ತಾನೆ, ಗೋಡೆಗೆ ಒರಗುತ್ತಾನೆ. ಹೊಡೆಸಿಕೊಂಡವರೂ ಒಂದೇ ಏಟಿಗೆ ಮಲಗುವುದಿಲ್ಲ, ತಿರುಗಿ ಎದ್ದು ಬರುತ್ತಾರೆ. ಸೂಪರ್‌ಹೀರೋಗೆ ಸುಸ್ತಾಗುವುದನ್ನು ಇಷ್ಟು ಚೆನ್ನಾಗಿ ತೋರಿಸಿದ್ದು ನಾನು ಬೇರೆಲ್ಲೂ ನೋಡಿಲ್ಲ.

ಮೂರನೆಯದರ ಕೊನೆ ಇನ್ನೂ ಮಜಾ. ಯಾರ ಹೆಸರು ಹೇಳಲೂ ಎಲ್ಲರೂ ಹೆದರುತ್ತಾರೋ ಆ ಖಳನಾಯಕ ವಿಲ್ಸನ್ ಫಿಸ್ಕ್ ಮೊದಲ ಬಾರಿಗೆ ಕಾಣಿಸುತ್ತಾನೆ. ಏನೂ ಮಾಡುವುದಿಲ್ಲ, ಬಿಳೀ ಚಿತ್ರವೊಂದರ ಮುಂದೆ ಸುಮ್ನೆ ನಿಂತಿರುತ್ತಾನೆ. ಮೊದಲ ಸಲ ಮುಂದಿನ ಒಂದು ಗಂಟೆಯಲ್ಲೇ ಅವನು ಕಾರಿನ ಬಾಗಿಲಲ್ಲಿ ಒಬ್ಬನ ತಲೆ ಜಜ್ಜಿದ್ದನ್ನು ನೋಡಿಬಿಟ್ಟಿದ್ದೆ. ಈ ಸಲ ಆ ಬೆನ್ನು, ಆ ಬೋಳು ತಲೆ ವಾರವಿಡೀ ತಲೆಯಲ್ಲಿ ಕೂತಿತ್ತು. ಮುಂದೇನಾಗುತ್ತದೆಂದು ಗೊತ್ತಿದ್ದೂ!

ಹತ್ತನೆಯದರಲ್ಲಿ ಮ್ಯಾಟ್ ಮತ್ತು ಅವನ ಗೆಳೆಯ ಫಾಗಿ ಕೋಣೆಯಲ್ಲಿ ಕೂತು ಜಗಳವಾಡುತ್ತಾರೆ. 2015ರಲ್ಲಿ ಅದು ಬೋರು, ಫೋನ್ ಹಿಡಿದಿದ್ದೆ. ಈಗ ಇಡೀ ಸೀಸನ್‌ನಲ್ಲಿ ನನಗೆ ಅದೇ ಮೇಲು. ಹನ್ನೆರಡನೆಯದರಲ್ಲಿ ಪತ್ರಕರ್ತ ಬೆನ್ ಯೂರಿಕ್ ಸತ್ತಾಗಲೂ ಅಷ್ಟೇ. ಹಿಂದೆ ನಡುರಾತ್ರಿ ಅವನ ಹೆಣ ಬೀಳುತ್ತಿದ್ದಂತೆ ನಾನು ಮುಂದಿನದನ್ನು ಒತ್ತಿದ್ದೆ. ಒಂದು ವಾರ ಅವನಿಗಾಗಿ ಬೇಜಾರು ಮಾಡಿಕೊಳ್ಳುವ ಅವಕಾಶ ಈಗ ಸಿಕ್ಕಿತು.

ತೊಂದರೆ ಒಂದೇ. ಫಿಸ್ಕ್ ಜೊತೆಗಾರರ ವ್ಯವಹಾರ. ಗಾವೋ, ನೋಬು, ಲೇಲೆಂಡ್ ಇವರಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಅನ್ನುವುದು ವಾರ ಕಳೆಯುವಷ್ಟರಲ್ಲಿ ಮರೆತೇಹೋಗುತ್ತಿತ್ತು. ಎರಡು ದಿನದಲ್ಲಿ ನೋಡಿದಾಗ ಇದೆಲ್ಲ ನೀರು ಕುಡಿದಷ್ಟು ಸಲೀಸಾಗಿತ್ತು. ಕೊನೆಯಲ್ಲಿ ಬರುವ ಕೆಂಪು ಸೂಟ್ ಮಾತ್ರ ಹೇಗೆ ನೋಡಿದರೂ ನನಗೆ ಒಗ್ಗಲಿಲ್ಲ. ಮ್ಯಾಟ್ ಅಲ್ಲಿಯವರೆಗೆ ತೊಡುತ್ತಿದ್ದ ಕಪ್ಪು ಬಟ್ಟೆಯೇ ಚೆನ್ನಾಗಿತ್ತು, ಅಲ್ವಾ?

ಮಧ್ಯದ ದಾರಿಯೂ ಇದೆ. ‘ದ ಬಾಯ್ಸ್’ ಮೊದಲ ಸೀಸನ್ 2019ರಲ್ಲಿ ಪೂರ್ತಿ ಒಟ್ಟಿಗೆ ಬಂದಿತ್ತು. 2020ರ ಎರಡನೆಯದಕ್ಕೆ ಮೊದಲು ಮೂರು, ಆಮೇಲೆ ವಾರಕ್ಕೊಂದು. ಸಿಟ್ಟಾದ ಅಭಿಮಾನಿಗಳು ಒಂದೊಂದೇ ಸ್ಟಾರ್ ಕೊಟ್ಟು ಸೇಡು ತೀರಿಸಿಕೊಂಡರು. ನಾನೂ ಗೊಣಗಿದವನೇ. ಆದರೆ ಏಳನೆಯದರ ಕೊನೆಯಲ್ಲಿ ತುಂಬಿದ ಸಭೆಯಲ್ಲಿ ತಲೆಗಳು ಪಟಪಟನೆ ಸಿಡಿದವಲ್ಲ, ಮಾಡಿದ್ದು ಯಾರು ಎಂದು ಒಂದು ವಾರ ತಲೆ ಕೆರೆದುಕೊಂಡದ್ದು ಆ ಸೀಸನ್‌ನಲ್ಲಿ ನನಗೆ ಸಿಕ್ಕ ದೊಡ್ಡ ಖುಷಿ. ಮೂರು ಮೊದಲೇ ಸಿಕ್ಕಿದ್ದರಿಂದ ಕಥೆಯೊಳಗೆ ಆಗಲೇ ಇಳಿದಿದ್ದೆ, ಕಾಯುವುದು ಶಿಕ್ಷೆ ಅನ್ನಿಸಲಿಲ್ಲ.

2024ರ ‘ಅಗಾಥಾ ಆಲ್ ಅಲಾಂಗ್’ ಇನ್ನೂ ಜಾಣತನ ಮಾಡಿತು. ಶುರುವಿಗೆ ಎರಡು, ಕೊನೆಗೂ ಎರಡು ಒಟ್ಟಿಗೆ. ವಾಂಡಾವಿಷನ್ ಕೊನೆಗೆ ಹೀಗೇ ಬಂದಿದ್ದರೆ ನಾನು ಅಷ್ಟು ಕೂಗಾಡುತ್ತಿರಲಿಲ್ಲ. ನನ್ನನ್ನೇ ಕೇಳಿದರೆ ನನ್ನ ಓಟು ಇದಕ್ಕೇ.

ಈಗ ನೋಟ್‌ಬುಕ್‌ನಲ್ಲಿ ಡೇರ್‌ಡೆವಿಲ್‌ಗೆ ಇಪ್ಪತ್ತೆರಡು ಪುಟ. ವಾಂಡಾವಿಷನ್‌ನ ಎರಡನೇ ಸಲಕ್ಕೆ ನಾಲ್ಕೇ ಸಾಲು. ಅದರಲ್ಲೊಂದು, ಹಳೇ ಪುಟದ ‘ಮೋಸ’ ಎಂಬ ಪದಕ್ಕೆ ಕೇಳಿದ ಕ್ಷಮೆ.