₹650ರ ಒಬಿಡಿ ಸ್ಕ್ಯಾನರ್: ಎರಡು ವರ್ಷ ಬಳಸಿದ ಮೇಲೆ

ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1.2 ಲೀಟರ್, ನಾಲ್ಕು ಸಿಲಿಂಡರ್, 1.1 ಲಕ್ಷ ಕಿ.ಮೀ. ಓಡಿದೆ. ಓಡುವಾಗ ಏನೂ ತೊಂದರೆ ಇರಲಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತರೆ ಮಾತ್ರ ನಡುಕ ಶುರು. ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಮ್ಮ, "ಇದೇನೋ, ಹಿಟ್ಟಿನ ಗಿರಣೀಲಿ ಕೂತಂಗಿದೆ" ಎಂದರು.

ಮೆಕ್ಯಾನಿಕ್ ಒಬ್ಬರು ಪ್ಲಗ್ ಬದಲಿಸಿದರು, ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು. ಎರಡು ದಿನ ಚೆನ್ನಾಗಿತ್ತು, ಆಮೇಲೆ ಅದೇ ಕಥೆ. ಇನ್ನು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ನೋಡಬೇಕು ಎಂದರು. ಸುಮ್ನೆ ದುಡ್ಡು ಸುರಿಯೋದು ಬೇಡ ಅಂತ, ಗಾಡಿಯ ಕಂಪ್ಯೂಟರ್ ಗುರುತಿಸಿದ ದೋಷದ ಕೋಡ್ ಓದಿ ಫೋನಿನಲ್ಲಿ ತೋರಿಸುವ ಈ ಸ್ಕ್ಯಾನರ್ ತರಿಸಿದೆ.

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಚುಚ್ಚಿ, ಬ್ಲೂಟೂತ್‌ನಲ್ಲಿ 1234 ಒತ್ತಿದರೆ ಫೋನಿಗೆ ಸೇರಿಕೊಳ್ಳುತ್ತದೆ. ಮೊದಲ ದಿನವೇ ಕೋಡ್ ಬಂತು: ಪಿ0302. ಅಂದರೆ ಎರಡನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಯಾವ ಸಿಲಿಂಡರ್ ಅಂತ ಹೇಳುತ್ತೆ, ಯಾವ ಪಾರ್ಟ್ ಅಂತ ಹೇಳಲ್ಲ. ಪ್ಲಗ್ ಇರಬಹುದು, ಪ್ಲಗ್‌ಗೆ ಕಿಡಿಯ ಕರೆಂಟು ಕೊಡುವ ಕಾಯಿಲ್ ಇರಬಹುದು, ಇಂಜೆಕ್ಟರೂ ಇರಬಹುದು.

ನನ್ನ ಗಾಡಿಯಲ್ಲಿ ಪ್ರತಿ ಪ್ಲಗ್ ಮೇಲೂ ಒಂದೊಂದು ಕಾಯಿಲ್. ಎಂಜಿನ್ ತಣ್ಣಗಾದ ಮೇಲೆ 2 ಮತ್ತು 3ನೇ ಕಾಯಿಲ್‌ಗಳನ್ನು ಅದಲು ಬದಲು ಮಾಡಿದೆ. ಒಂದೊಂದಕ್ಕೆ ಒಂದೇ ಬೋಲ್ಟು, ಒಂದು ಕ್ಲಿಪ್ಪು. ಕೋಡ್ ಅಳಿಸಿ, ಬನಶಂಕರಿ ಸುತ್ತ ಒಂದು ರೌಂಡ್ ಹೊಡೆದು ಬಂದೆ. ಈಗ ಪಿ0303! ಕಾಯಿಲ್ ಜೊತೆ ರೋಗವೂ ಪಕ್ಕದ ಮನೆಗೆ ಹೋಗಿತ್ತು. ಬಿಚ್ಚಿ ಬೆಳಕಿಗೆ ಹಿಡಿದರೆ ಕಾಯಿಲ್‌ನ ತುದಿಯ ರಬ್ಬರ್ ಕವಚದಲ್ಲಿ ಕೂದಲೆಳೆಯಷ್ಟು ಸೀಳು, ಅದರುದ್ದಕ್ಕೂ ಪೆನ್ಸಿಲ್‌ನಲ್ಲಿ ಗೀಚಿದಂಥ ಕಪ್ಪು ಗೆರೆ. ಕರೆಂಟು ಪ್ಲಗ್‌ಗೆ ಹೋಗದೆ ಅಲ್ಲೇ ಸೋರಿ ಹೋಗುತ್ತಿತ್ತು. ಜೆ.ಸಿ. ರಸ್ತೆಯಲ್ಲಿ ಹೊಸ ಕಾಯಿಲ್ ಸಿಕ್ಕಿತು. ಇಂಜೆಕ್ಟರ್ ಮುಟ್ಟಲೇ ಇಲ್ಲ.

ಚೆಕ್ ಎಂಜಿನ್ ದೀಪ ಮಿಟುಕುತ್ತಿದ್ದರೆ ಮಾತ್ರ ಹೀಗೆ ರೌಂಡ್ ಹೊಡೆಯಲು ಹೋಗಬೇಡಿ. ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡಬಹುದು.

ಹೋದ ಮಳೆಗಾಲದಲ್ಲಿ ಮತ್ತೆ ನಡುಕ, ಎಸಿ ಹಾಕಿದರೆ ಇನ್ನೂ ಜಾಸ್ತಿ. ಸ್ಕ್ಯಾನರ್ ಹಾಕಿದೆ. ಕೋಡ್ ಇಲ್ಲ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 800ರ ಆಸುಪಾಸಿನಲ್ಲಿ ಅಲ್ಲಾಡದೆ ನಿಂತಿದೆ. ಎಂಜಿನ್ ಸರಿಯಾಗಿಯೇ ತಿರುಗುತ್ತಿದ್ದರೆ ಅಲುಗುತ್ತಿರುವುದೇನು? ಎಂಜಿನ್ನನ್ನು ಹೊತ್ತು ನಡುಕ ತಡೆಯುವ ಮೌಂಟಿಂಗ್ ರಬ್ಬರ್ ಕುಸಿದಿತ್ತು. ಕೋಡ್ ಬರದೇ ಇದ್ದದ್ದೇ ಆ ಸಲ ಉಪಯೋಗಕ್ಕೆ ಬಂತು.

ಬೇಸರಗಳೂ ಇವೆ. ಆರ್‌ಪಿಎಂ ಸ್ಕ್ರೀನಿನಲ್ಲಿ ತುಸು ತಡವಾಗಿ ಬರುತ್ತೆ. ಹೆಂಡತಿಯ ಐಫೋನಿಗೆ ಇದು ಸೇರುವುದೇ ಇಲ್ಲ. ದಸರೆಗೆ ಊರಿಗೆ ಹೋದಾಗ ಸಾಕೆಟ್‌ನಲ್ಲೇ ಬಿಟ್ಟು ಹೋಗಿದ್ದೆ. ಹತ್ತು ದಿನ ಬಿಟ್ಟು ಬಂದರೆ ಬ್ಯಾಟರಿ ಡೌನ್, ಅಪಾರ್ಟ್‌ಮೆಂಟಿನ ಹುಡುಗರೆಲ್ಲ ಸೇರಿ ತಳ್ಳಬೇಕಾಯಿತು.

ಕೊಳ್ಳುವ ಮುಂಚೆ ನಿಮ್ಮ ಗಾಡಿಯ ವರ್ಷ ನೋಡಿಕೊಳ್ಳಿ. ನಮ್ಮಲ್ಲಿ ಒಬಿಡಿ-2 (ಗಾಡಿ ತನ್ನ ದೋಷ ತಾನೇ ಪತ್ತೆಹಚ್ಚುವ ವ್ಯವಸ್ಥೆ) ಕಡ್ಡಾಯವಾದದ್ದು ಏಪ್ರಿಲ್ 2013ರಿಂದ. ಅದಕ್ಕಿಂತ ಹಳೆಯವು ಕೆಲವು ಸ್ಕ್ಯಾನರ್ ಜೊತೆ ಮಾತಾಡುತ್ತವೆ, ಕೆಲವು ಇಲ್ಲ. ಎದುರು ಮನೆಯ ಅಂಕಲ್ ತಮ್ಮ 2007ರ ಗಾಡಿಗೆ ಅಂತ ಒಯ್ದು ಎರಡು ವಾರ ಆಯ್ತು. "ಕನೆಕ್ಟೇ ಆಗ್ತಿಲ್ಲ ಕಣಪ್ಪಾ" ಅಂತಾರೆ, ವಾಪಸ್ಸೂ ಕೊಡ್ತಿಲ್ಲ.