ಕಾಲು ಸ್ಕ್ಯಾನ್ ಮಾಡಿ, ‘ಸ್ಟೆಬಿಲಿಟಿ’ ಅಂತ ಹೇಳಿ ಮಾಮೂಲಿ ಶೂ ಕೊಟ್ಟರು. ಹುಷಾರಾಗಿರಿ

ಓಟಕ್ಕೆ ಶೂ ಕೊಳ್ಳುವವರು, ಅದರಲ್ಲೂ ಪಾದ ಒಳಗಡೆ ಜಾಸ್ತಿ ವಾಲುವವರು, ದಯವಿಟ್ಟು ಓದಿ. ಬೆಂಗಳೂರಿನಲ್ಲಿ ‘ಉಚಿತ ಫುಟ್ ಸ್ಕ್ಯಾನ್’ ಅಂತ ಬೋರ್ಡ್ ಹಾಕಿರುವ ಅಂಗಡಿಯೊಂದರಲ್ಲಿ ನನ್ನ 14,000 ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ಉರಿಯುತ್ತಿರುವುದು ಅವರು ಆಮೇಲೆ ಮಾತಾಡಿದ ರೀತಿಗೆ.

ನಾನು ಸುಮ್ನೆ ಬಣ್ಣ ನೋಡಿ ಶೂ ಕೇಳಿರಲಿಲ್ಲ. ಟಿಸಿಎಸ್ ವರ್ಲ್ಡ್ 10ಕೆ ಅನ್ನುವ 10 ಕಿಲೋಮೀಟರ್ ಓಟಕ್ಕೆ ತಯಾರಿ ನಡೆಸಿದ್ದೆ. ಮಂಡಿಯಿಂದ ಕೆಳಗೆ, ಮೂಳೆಯ ಒಳಬದಿ ನೋಯುತ್ತಿತ್ತು. ಒಳಗಡೆ ಸವೆದ ಹಳೇ ಶೂ ಕೂಡ ತೋರಿಸಿದೆ. ‘ಓವರ್‌ಪ್ರೊನೇಷನ್ ಇದೆ, ಸ್ಟೆಬಿಲಿಟಿ ಶೂನೇ ಕೊಡಿ’ ಅಂತ ಬಾಯಿಬಿಟ್ಟು ಹೇಳಿದೆ. ಓವರ್‌ಪ್ರೊನೇಷನ್ ಅಂದರೆ ಪಾದ ಒಳಗಡೆ ಜಾಸ್ತಿ ವಾಲುವುದು, ಸ್ಟೆಬಿಲಿಟಿ ಶೂ ಅಂದರೆ ಹಾಗೆ ವಾಲದಂತೆ ಆಸರೆ ಕೊಡುವ ಶೂ.

ಗಾಜಿನ ಮೇಲೆ ನಿಲ್ಲಿಸಿದರು. ಪರದೆಯಲ್ಲಿ ಕೆಂಪು, ಹಳದಿ ಬಂತು. ‘ಮೇಡಂ, ನಿಮ್ದು ಸಿವಿಯರ್. ಹೀಗೇ ಬಿಟ್ರೆ ಮಂಡಿ ಹೋಗುತ್ತೆ’ ಅಂದರು. ಅದೂ ಬರೀ ನಿಂತ ಕಾಲನ್ನು ನೋಡಿ ಹೇಳಿದ್ದು! ಓಡುವಾಗ ಪಾದ ಎಷ್ಟು ವಾಲುತ್ತದೆ ಅಂತ ನಿಂತಾಗ ಹೇಗೆ ಗೊತ್ತಾಗುತ್ತದೆ? ಪಾದ ಸ್ವಲ್ಪ ಒಳಗೆ ವಾಲುವುದು ಎಲ್ಲರಿಗೂ ಇದ್ದದ್ದೇ, ನೆಲದ ಪೆಟ್ಟನ್ನು ಅದು ತಾಳಿಕೊಳ್ಳುವುದೇ ಹಾಗೆ. ಡೆನ್ಮಾರ್ಕ್‌ನಲ್ಲಿ 900ಕ್ಕೂ ಹೆಚ್ಚು ಹೊಸ ಓಟಗಾರರಿಗೆ ಒಂದೇ ನ್ಯೂಟ್ರಲ್ ಶೂ (ಅಂಥ ಆಸರೆ ಇಲ್ಲದ ಮಾಮೂಲಿ ಶೂ) ಕೊಟ್ಟು ಒಂದು ವರ್ಷ ಗಮನಿಸಿದರು. ಪಾದ ವಾಲುವವರಿಗೇ ಗಾಯ ಜಾಸ್ತಿ ಅಂತ ಕಾಣಲಿಲ್ಲ. ನನಗೆ ನೋವಿತ್ತು, ಅದಕ್ಕೆ ಆಸರೆ ಬೇಕಿತ್ತು. ಇವರು ಕೊಟ್ಟಿದ್ದು ಹೆದರಿಕೆ.

‘ಇದೇ ಸ್ಟೆಬಿಲಿಟಿ’ ಅಂತ ಒಂದು ಜೊತೆ ತಂದರು. ಜೊತೆಗೆ ‘ನಿಮ್ಮ ಸ್ಕ್ಯಾನ್ ಪ್ರಕಾರ ಮಾಡಿಸಿದ್ದು’ ಅಂತ ಇನ್ಸೋಲ್, ಅಂದರೆ ಶೂ ಒಳಗೆ ಪಾದದಡಿ ಹಾಕುವ ಮೆತ್ತೆ.

ನೋವು ಕಮ್ಮಿಯಾಗಲಿಲ್ಲ, ಜಾಸ್ತಿಯಾಯಿತು. ಕಬ್ಬನ್ ಪಾರ್ಕ್‌ನಲ್ಲಿ, ನಮ್ಮ ಗುಂಪಿನಲ್ಲಿ ತುಂಬಾ ವರ್ಷದಿಂದ ಓಡುವ ಒಬ್ಬರು ಶೂ ಇಸ್ಕೊಂಡು ಹೆಬ್ಬೆರಳಲ್ಲಿ ಸೋಲ್‌ನ ಎರಡೂ ಬದಿ ಒತ್ತಿದರು. ‘ಸ್ಟೆಬಿಲಿಟಿ ಶೂ ಆದ್ರೆ ಸಾಮಾನ್ಯವಾಗಿ ಒಳಬದಿ ಫೋಮ್ ಗಟ್ಟಿ ಇರುತ್ತೆ, ಇದು ಎರಡೂ ಕಡೆ ಒಂದೇ ಮೆತ್ತಗಿದೆಯಲ್ಲಮ್ಮ’ ಅಂದರು. ಫೋನಿನಲ್ಲಿ ಮಾಡೆಲ್ ಹೆಸರು ಹುಡುಕಿದೆವು. ಶೂ ಕಂಪನಿಯವರೇ ‘ನ್ಯೂಟ್ರಲ್’ ಅಂತ ಬರೆದಿದ್ದಾರೆ! ಇನ್ಸೋಲ್ ಕಿತ್ತು ತಿರುಗಿಸಿದರೆ ಅಡಿಯಲ್ಲಿ ‘ಸೈಜ್ 6–7’ ಅಂತ ಅಚ್ಚು. ನನ್ನ ಪಾದಕ್ಕೆ ಅಂತ ಮಾಡಿದ್ದಂತೆ! ಎಲ್ಲರೂ ಸುತ್ತ ನಿಂತಿದ್ದರು. ಮುಖ ಎತ್ತುವುದಕ್ಕೆ ಆಗಲಿಲ್ಲ.

ಅಂಗಡಿಗೆ ಹೋದೆ. ಮೊದಲು, ‘ಕಾಲು ಅಡ್ಜಸ್ಟ್ ಆಗ್ಬೇಕು ಮೇಡಂ.’ ಆಮೇಲೆ, ‘ಈಗ ಹೊಸ ಟೆಕ್ನಾಲಜಿ, ಗಟ್ಟಿ ಫೋಮ್ ಯಾರೂ ಹಾಕಲ್ಲ.’ ಅರ್ಧ ಸುಳ್ಳು ಇದು. ಏಸಿಕ್ಸ್ ಕಂಪನಿಯ ಕಯಾನೊ ಶೂನಲ್ಲಿ 2023ರಿಂದ ಒಳಬದಿಯ ಗಟ್ಟಿ ಫೋಮ್ ಇಲ್ಲ, ನಿಜ. ಬ್ರೂಕ್ಸ್ ಕಂಪನಿಯ ಅಡ್ರಿನಲಿನ್ ಶೂನಲ್ಲಿ ಎರಡೂ ಬದಿ ತಡೆಪಟ್ಟಿಯಂಥದ್ದು ಇದೆ. ಆದರೆ ಅವು ಸ್ಟೆಬಿಲಿಟಿ ಶೂಗಳು ಅಂತ ಆ ಕಂಪನಿಗಳೇ ಹೇಳುತ್ತವೆ. ನೀವು ಕೊಟ್ಟ ಶೂನ ಕಂಪನಿ ನ್ಯೂಟ್ರಲ್ ಅನ್ನುತ್ತಿದೆಯಲ್ಲ ಅಂದೆ. ‘ಇನ್ಸೋಲ್ ಹಾಕಿದ್ರೆ ಎಲ್ಲಾ ಶೂನೂ ಸ್ಟೆಬಿಲಿಟೀನೇ’ ಅಂದರು. ಎಲ್ಲಾ ಶೂನೂ ಅಂತೆ! ಕೊನೆಗೆ, ‘ಓಡಿದ್ದೀರಲ್ಲ, ವಾಪಸ್ ಇಲ್ಲ.’ ಓಡದೆ ಗೊತ್ತಾಗುವುದು ಹೇಗೆ?

ಬಿಲ್‌ನಲ್ಲಿ ಬರೀ ‘ಸ್ಪೋರ್ಟ್ಸ್ ಶೂ’ ಅಂತ ಇದೆ. ಅದನ್ನೇ ಹಿಡಿದುಕೊಂಡು ವಾದ ಮಾಡುತ್ತಿದ್ದಾರೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ನೀವು ಹೋದರೆ, ದುಡ್ಡು ಕೊಡುವ ಮುಂಚೆ ಅಲ್ಲೇ ನಿಂತು ಕಂಪನಿಯ ಪುಟದಲ್ಲಿ ಮಾಡೆಲ್ ನೋಡಿ. ಹಾಕಿಕೊಂಡು ಓಡಲು ಬಿಡಿ ಅಂತ ಕೇಳಿ, ಕಾಲಿಗೆ ಹಿತ ಅನ್ನಿಸದಿದ್ದರೆ ಸ್ಕ್ಯಾನ್ ಏನೇ ಹೇಳಲಿ, ಬೇಡ. ನೋವಿದ್ದರೆ ಮೊದಲು ಫಿಸಿಯೋ ಹತ್ತಿರ ಹೋಗಿ. ಬಿಲ್‌ನಲ್ಲಿ ಮಾಡೆಲ್ ಹೆಸರು ಬರೆಯಲು ಒಪ್ಪದಿದ್ದರೆ ಎದ್ದು ಬನ್ನಿ.